ಗಿರಿಪ್ರದೇಶದ ವಿಮಾನ ನಿಲ್ದಾಣಗಳು

ವಿಮಾನವು ಎತ್ತರದಲ್ಲಿ ಹಾರುವ ವಾಹನ. ಆದುದರಿಂದ ಎತ್ತರದ ನೆಲದಲ್ಲಿ ಇಳಿಯುವುದು ಅದಕ್ಕೆ ಸುಲಭವೇ ಆಗಿರಬೇಕೆಂದು ಮೇಲುನೋಟಕ್ಕೆ ತೋರುವುದುಂಟು. ೩೫,೦೦೦ ಅಡಿಗಳವರೆಗೆ ಏರಬಲ್ಲ ಯಂತ್ರಕ್ಕೆ ೧೦,೦೦೦ ಅಡಿಗಳ ಮೇಲಿನ ನೆಲವನ್ನು ಮುಟ್ಟುವುದರಲ್ಲಿ ಏನು ಕಷ್ಟ? ಕೆಳಗಿಳಿಯಬೇಕಾದ ದೂರವೇ ಕಡಿಮೆಯಾಯಿತಲ್ಲವೆ? ಈ ತರ್ಕ ಸರಳವಾಗಿದ್ದರೂ ಸತ್ಯವಲ್ಲ. ವಿಮಾನಕ್ಕೆ ಆಕಾಶದಲ್ಲಿ ಎತ್ತರವು ಮಿತ್ರ, ನೆಲದಲ್ಲಿ ಅದೇ ಎತ್ತರವು ಶತ್ರು. ಲಡಾಖಿನ ಲೇಹ್, ಬೊಲಿವಿಯದ ಎಲ್ ಆಲ್ಟೊ, ಟಿಬೆಟ್ಟಿನ ಪ್ರಸ್ಥಭೂಮಿಯ ಅಂಚಿನ ದಾವೋಚೆಂಗ್ ಮೊದಲಾದ ನಿಲ್ದಾಣಗಳಲ್ಲಿ ದಿನದಿನವೂ ನಡೆಯುವ ವಿಮಾನ ಸಂಚಾರವನ್ನು ಪರಿಶೀಲಿಸಿದರೆ ಈ ವಿರೋಧಾಭಾಸದ ಕಾರಣಗಳು ಸ್ಪಷ್ಟವಾಗುತ್ತವೆ. ಇವುಗಳಲ್ಲಿ ಲೇಹ್ ಭಾರತೀಯರಿಗೆ ಹತ್ತಿರದ್ದು. ಅದರ ಆರಂಭದ ಇತಿಹಾಸದಲ್ಲಿ ಕನ್ನಡ ನಾಡಿನ ಒಂದು ಹೆಸರೂ ಸೇರಿಕೊಂಡಿದೆ. ಆದುದರಿಂದ ವಿಷಯವನ್ನು ಅಲ್ಲಿಂದಲೇ ಆರಂಭಿಸುವುದು ಉಚಿತ.

೧. ಲೇಹ್‌ನ ಮೊದಲ ವಿಮಾನ

೧೯೪೮ರ ವಸಂತದಲ್ಲಿ ಲೇಹ್ ಪಟ್ಟಣ ಸಂಕಟಕ್ಕೆ ಸಿಲುಕಿತ್ತು. ದಾಳಿಕಾರರು ಸಿಂಧೂ ಕಣಿವೆಯ ಕಡೆಯಿಂದ ಒತ್ತುತ್ತಿದ್ದರು. ಶ್ರೀನಗರದಿಂದ ಜೋಜಿ ಲಾ ಕಣಿವೆದಾರಿಯ ಮೂಲಕ ಬರುವ ಮಾರ್ಗ ಅವರ ಕೈಸೇರುತ್ತಿತ್ತು. ಊರನ್ನು ಕಾಯುತ್ತಿದ್ದ ಪಡೆ ತೀರ ಚಿಕ್ಕದು. ನೆರವು ಬರಬೇಕಾದರೆ ಆಕಾಶಮಾರ್ಗವೊಂದೇ ಉಳಿದಿತ್ತು. ಲಡಾಖಿನವರೇ ಆದ ಎಂಜಿನಿಯರ್ ಸೋನಮ್ ನೋರ್ಬು ಅವರು ಸ್ಥಳೀಯರ ಶ್ರಮದಿಂದ ಸಿಂಧೂ ನದಿಯ ಬಯಲಿನಲ್ಲಿ ಒಂದು ಕಚ್ಚಾ ಓಡುದಾರಿಯನ್ನು ಸಿದ್ಧಪಡಿಸಿದರು. ೧೯೪೮ರ ಮೇ ೨೪ರಂದು ಏರ್ ಕಮೊಡೋರ್ ಮೆಹರ್ ಸಿಂಗ್ ಅವರು ಒಂದು ಡಕೋಟ ವಿಮಾನವನ್ನು ಅಲ್ಲಿ ಇಳಿಸಿದರು. ಅವರೊಡನೆ ವಿಮಾನದಲ್ಲಿದ್ದವರು ಆ ಭಾಗದ ಸೇನಾ ವಿಭಾಗದ ನಾಯಕರಾಗಿದ್ದ ಮೇಜರ್ ಜನರಲ್ ತಿಮ್ಮಯ್ಯನವರು. ೧೯೦೬ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ, ಮುಂದೆ ೧೯೫೭ರಿಂದ ೧೯೬೧ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದ ಕೊಡಗಿನ ವೀರರು. ಸೈನಿಕರನ್ನು ಕಳುಹಿಸುವ ಮೊದಲು ಸೇನಾನಿಯೇ ಆ ದಾರಿಯನ್ನು ಪರೀಕ್ಷಿಸಿದಂತಾಯಿತು. ಅನಂತರ ಡಕೋಟಗಳು ಗೂರ್ಖಾ ಸೈನಿಕರನ್ನೂ ಸಾಮಗ್ರಿಯನ್ನೂ ಲೇಹ್‌ಗೆ ತಲುಪಿಸಿದವು, ಲೇಹ್ ಉಳಿಯಿತು.

ಈ ಸಾಹಸದ ಗುರುತ್ವವನ್ನು ಅರಿಯಲು ಡಕೋಟದ ಇತಿಮಿತಿಗಳನ್ನು ನೆನೆಯಬೇಕು. ಅದರ ಒಳಭಾಗದಲ್ಲಿ ವಾಯುವಿನ ಒತ್ತಡವನ್ನು ಕಾಯ್ದುಕೊಳ್ಳುವ ಏರ್ಪಾಡು ಇರಲಿಲ್ಲ. ಹಿಮಾಲಯದ ಸಾಲುಗಳನ್ನು ದಾಟಲು ಅದು ತನ್ನ ಶಕ್ತಿಯ ತುತ್ತತುದಿಯವರೆಗೆ ಏರಬೇಕಾಗಿತ್ತು. ಎರಡು ಎಂಜಿನ್‌ಗಳಲ್ಲಿ ಒಂದು ಕೆಟ್ಟರೆ ಆ ಎತ್ತರದಲ್ಲಿ ನಿಲ್ಲುವುದು ಅದಕ್ಕೆ ಅಸಾಧ್ಯ. ಕೆಳಗೆ ಇಳಿಯಲು ಸಮನೆಲವಿಲ್ಲ. ದಾರಿಯ ಸರಿಯಾದ ನಕ್ಷೆಯಾಗಲಿ, ನೆಲದಿಂದ ದಿಕ್ಕು ತೋರುವ ರೇಡಿಯೊ ಆಗಲಿ ಇರಲಿಲ್ಲ. ಆದರೂ ಒಂದು ಗುಣ ಅದರಲ್ಲಿತ್ತು. ಅದು ಹಗುರವಾದ, ನಿಧಾನವಾಗಿ ಇಳಿಯಬಲ್ಲ, ಒರಟು ನೆಲವನ್ನು ಸಹಿಸಬಲ್ಲ ವಿಮಾನ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಿಮಾನಗಳ ದುರಸ್ತಿಯ ಕೇಂದ್ರವಾಗಿದ್ದ ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು, ಯುದ್ಧ ಮುಗಿದ ಮೇಲೆ ಇಂತಹ ಡಕೋಟಗಳನ್ನು ನವೀಕರಿಸಿ ಭಾರತದ ಉಪಯೋಗಕ್ಕೆ ಕೊಟ್ಟಿತೆಂಬುದೂ ಸ್ಮರಣೀಯ.

ಇಂದು ಅದೇ ಬಯಲಿನಲ್ಲಿ ಕುಶೋಕ್ ಬಕುಲ ರಿಂಪೋಚೆ ಅವರ ಹೆಸರಿನ ನಿಲ್ದಾಣವಿದೆ. ನೂರೈವತ್ತಕ್ಕೂ ಹೆಚ್ಚು ಪ್ರಯಾಣಿಕರನ್ನು ಹೊತ್ತ ಜೆಟ್ ವಿಮಾನಗಳು ದೆಹಲಿಯಿಂದ ಸುಮಾರು ಒಂದೂವರೆ ಗಂಟೆಯಲ್ಲಿ ಅಲ್ಲಿ ಇಳಿಯುತ್ತವೆ. ಯಂತ್ರ ಬದಲಾಗಿದೆ, ಆದರೆ ಲೇಹ್‌ನ ಗಾಳಿ ೧೯೪೮ರಲ್ಲಿ ಇದ್ದಷ್ಟೇ ತೆಳುವಾಗಿದೆ. ಎಲ್ಲ ಸಮಸ್ಯೆಯ ಮೂಲವೂ ಅದರಲ್ಲಿಯೇ ಇದೆ.

೨. ತೆಳುಗಾಳಿಯ ಗಣಿತ

ವಾಯುಮಂಡಲವು ಮೇಲೆ ಹೋದಂತೆ ವಿರಳವಾಗುತ್ತದೆ. ಸಮುದ್ರಮಟ್ಟದಲ್ಲಿ ಒಂದು ಘನಮೀಟರ್ ಗಾಳಿಯ ತೂಕ ಸುಮಾರು ೧.೨ ಕಿಲೋಗ್ರಾಂ. ೩,೦೦೦ ಅಡಿಗಳ ಎತ್ತರದಲ್ಲಿರುವ ಬೆಂಗಳೂರಿನಲ್ಲಿಯೇ ಅದು ಶೇಕಡ ೮ರಷ್ಟು ಕಡಿಮೆ. ಸುಮಾರು ೧೦,೭೦೦ ಅಡಿಗಳ ಎತ್ತರದ ಲೇಹ್ ನಿಲ್ದಾಣದಲ್ಲಿ ವಾಯುಭಾರವು ಸಮುದ್ರಮಟ್ಟದ ಮೂರನೆಯ ಎರಡು ಭಾಗ ಮಾತ್ರ. ಅಲ್ಲಿ ನೀರು ೧೦೦ ಡಿಗ್ರಿಗೆ ಬದಲಾಗಿ ಸುಮಾರು ೮೯ ಡಿಗ್ರಿಯಲ್ಲಿಯೇ ಕುದಿಯುತ್ತದೆ; ಬೇಳೆ ಬೇಯಲು ಹೊತ್ತು ಹಿಡಿಯುವುದು ಇದರಿಂದಲೇ. ೧೩,೩೨೫ ಅಡಿಗಳ ಎಲ್ ಆಲ್ಟೊದಲ್ಲಿ ವಾಯುಭಾರ ಶೇಕಡ ೬೦ಕ್ಕೆ ಇಳಿಯುತ್ತದೆ. ೨೦೧೩ರಲ್ಲಿ ತೆರೆದ ದಾವೋಚೆಂಗ್ ಯಾಡಿಂಗ್ ನಿಲ್ದಾಣ ೧೪,೪೭೨ ಅಡಿಗಳ ಎತ್ತರದಲ್ಲಿದೆ.

ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆಗಳ ಮೇಲೂ ಕೆಳಗೂ ಹರಿಯುವ ಗಾಳಿ. ಈ ಎತ್ತುಬಲವು ಎರಡು ಸಂಗತಿಗಳನ್ನು ಅವಲಂಬಿಸಿದೆ: ಗಾಳಿಯ ಸಾಂದ್ರತೆ ಮತ್ತು ವೇಗದ ವರ್ಗ. ಸಾಂದ್ರತೆ ಕಡಿಮೆಯಾದರೆ, ಅದೇ ತೂಕವನ್ನು ಹೊರಲು ವೇಗ ಹೆಚ್ಚಬೇಕು. ಸಮುದ್ರಮಟ್ಟದಲ್ಲಿ ೧೪೦ ನಾಟ್, ಎಂದರೆ ಗಂಟೆಗೆ ಸುಮಾರು ೨೬೦ ಕಿಲೋಮೀಟರ್ ವೇಗದಲ್ಲಿ ನೆಲ ಮುಟ್ಟುವ ವಿಮಾನವು, ಎಲ್ ಆಲ್ಟೊದಲ್ಲಿ ಸುಮಾರು ೧೭೦ ನಾಟ್, ಎಂದರೆ ಗಂಟೆಗೆ ೩೧೫ ಕಿಲೋಮೀಟರ್‌ಗೂ ಮೀರಿದ ವೇಗದಲ್ಲಿ ನೆಲ ಮುಟ್ಟಬೇಕು. ಇಲ್ಲೊಂದು ಸ್ವಾರಸ್ಯವಿದೆ. ವಿಮಾನದ ವೇಗಮಾಪಕವು ಗಾಳಿಯ ಹೊಡೆತವನ್ನು ಅಳೆಯುವ ಯಂತ್ರವಾದುದರಿಂದ, ಎರಡು ಕಡೆಗಳಲ್ಲಿಯೂ ಅದು ೧೪೦ ನಾಟ್ ಎಂದೇ ತೋರುತ್ತದೆ. ಮುಳ್ಳು ಅದೇ ಅಂಕಿಯ ಮೇಲೆ ನಿಂತಿದ್ದರೂ ಕಿಟಕಿಯ ಹೊರಗೆ ನೆಲ ಹೆಚ್ಚು ರಭಸದಿಂದ ಓಡುತ್ತಿರುತ್ತದೆ.

ಎತ್ತರದ ಜೊತೆಗೆ ಬಿಸಿಲು ಸೇರಿದರೆ ತೊಂದರೆ ಇಮ್ಮಡಿಸುತ್ತದೆ; ಕಾದ ಗಾಳಿ ಹಿಗ್ಗಿ ಇನ್ನಷ್ಟು ತೆಳುವಾಗುತ್ತದೆ. ಲೇಹ್‌ನ ಎತ್ತರಕ್ಕೆ ವಾಯುಶಾಸ್ತ್ರಜ್ಞರು ಪ್ರಮಾಣವೆಂದು ಇಟ್ಟುಕೊಂಡಿರುವ ಉಷ್ಣತೆ ಶೂನ್ಯಕ್ಕಿಂತ ೬ ಡಿಗ್ರಿ ಕೆಳಗೆ. ಆ ಉಷ್ಣತೆಯಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಶೇಕಡ ೭೨. ಉಷ್ಣತೆ ೩೦ ಡಿಗ್ರಿಗೆ ಏರಿದರೆ ಅದು ಶೇಕಡ ೬೪ಕ್ಕೆ ಇಳಿಯುತ್ತದೆ. ಎಂದರೆ ಅಂತಹ ಮಧ್ಯಾಹ್ನದಲ್ಲಿ ಲೇಹ್‌ನ ಓಡುದಾರಿಯು, ವಿಮಾನದ ದೃಷ್ಟಿಯಿಂದ, ಸುಮಾರು ೧೪,೬೦೦ ಅಡಿಗಳ ಎತ್ತರಕ್ಕೆ ಏರಿದಂತಾಯಿತು. ನೆಲ ಅಲ್ಲಿಯೇ ಇದ್ದರೂ ಬಿಸಿಲು ಅದನ್ನು ಬೆಳಗಿನಿಂದ ಮಧ್ಯಾಹ್ನಕ್ಕೆ ಸಾವಿರಾರು ಅಡಿ ಮೇಲೆತ್ತಿಬಿಡುತ್ತದೆ.

೩. ಓಡುದಾರಿ, ಚಕ್ರ, ಬ್ರೇಕು

ವೇಗ ಕಾಲುಭಾಗ ಹೆಚ್ಚಿದರೆ ಚಲನಶಕ್ತಿಯು ಒಂದೂವರೆ ಪಟ್ಟಿಗೂ ಮೀರಿ ಹೆಚ್ಚುತ್ತದೆ. ಇಳಿದ ವಿಮಾನವನ್ನು ನಿಲ್ಲಿಸುವಾಗ ಈ ಶಕ್ತಿಯ ಬಹುಪಾಲು ಬ್ರೇಕುಗಳಲ್ಲಿ ಶಾಖವಾಗಿ ಪರಿಣಮಿಸಬೇಕು. ಅತಿಯಾಗಿ ಕಾದ ಚಕ್ರದಲ್ಲಿ ಟೈರು ಸಿಡಿಯುವ ಮೊದಲೇ ಕರಗಿ ಗಾಳಿಯನ್ನು ಹೊರಬಿಡುವ ಲೋಹದ ಬಿರಡೆಗಳನ್ನು ಇಟ್ಟಿರುತ್ತಾರೆ. ಹೀಗಾಗಿ ಎತ್ತರದ ನಿಲ್ದಾಣದಲ್ಲಿ ಇಳಿದ ವಿಮಾನವು ಪ್ರಯಾಣಿಕರು ಹತ್ತಿದೊಡನೆ ಹೊರಡುವಂತಿಲ್ಲ. ಬ್ರೇಕುಗಳು ಆರುವವರೆಗೆ ಕಾಯಬೇಕಾಗುತ್ತದೆ. ಏರುವ ಓಟದಲ್ಲಿ ಏನಾದರೂ ಕೆಟ್ಟು ವಿಮಾನವನ್ನು ನಿಲ್ಲಿಸಬೇಕಾಗಿ ಬಂದರೆ ಆ ಬ್ರೇಕುಗಳೇ ಮತ್ತೆ ಅಷ್ಟೂ ಭಾರವನ್ನು ಹೊರಬೇಕಲ್ಲವೆ? ಟೈರುಗಳಿಗೂ ವೇಗದ ಮಿತಿಯುಂಟು. ಸಾಮಾನ್ಯವಾಗಿ ಅದು ಗಂಟೆಗೆ ೩೬೦ ಕಿಲೋಮೀಟರ್. ಸಮುದ್ರಮಟ್ಟದಲ್ಲಿ ಆ ಮಿತಿಯ ನೆನಪೂ ಬರುವುದಿಲ್ಲ. ಎಲ್ ಆಲ್ಟೊದಲ್ಲಿ ಅದು ಕೈಗೆಟುಕುವಷ್ಟು ಹತ್ತಿರ.

ಏರುವಾಗಲಂತೂ ಕಷ್ಟ ಎರಡು ಬಗೆಯದು. ತಲುಪಬೇಕಾದ ವೇಗ ಹೆಚ್ಚು. ಆ ವೇಗವನ್ನು ತಂದುಕೊಡಬೇಕಾದ ಜೆಟ್ ಎಂಜಿನ್ನಿನ ನೂಕುಬಲ ಕಡಿಮೆ, ಏಕೆಂದರೆ ಅದು ನುಂಗುವ ಗಾಳಿಯೇ ತೆಳು. ಬೇಕಾದದ್ದು ಬೆಳೆದು ಇರುವುದು ಕುಗ್ಗಿದಾಗ, ಸ್ಥೂಲವಾಗಿ ಲೆಕ್ಕ ಹಾಕಿದರೆ, ಅದೇ ತೂಕದ ವಿಮಾನಕ್ಕೆ ಲೇಹ್‌ನಂತಹ ಎತ್ತರದಲ್ಲಿ ಸಮುದ್ರಮಟ್ಟದ ಎರಡರಷ್ಟು ಓಟ ಬೇಕಾಗುತ್ತದೆ. ಆದುದರಿಂದಲೇ ಎಲ್ ಆಲ್ಟೊದ ಓಡುದಾರಿಯನ್ನು ೪,೦೦೦ ಮೀಟರ್, ದಾವೋಚೆಂಗ್‌ನದನ್ನು ೪,೨೦೦ ಮೀಟರ್ ಉದ್ದಕ್ಕೆ ಕಟ್ಟಿದರು. ಟಿಬೆಟ್ಟಿನ ಬಾಂಡಾ ನಿಲ್ದಾಣದಲ್ಲಿ ಮೊದಲು ಕಟ್ಟಿದ ಓಡುದಾರಿ ೫,೫೦೦ ಮೀಟರ್ ಇತ್ತು. ಲೇಹ್‌ನದು ಸುಮಾರು ೨,೭೫೦ ಮೀಟರ್ ಮಾತ್ರ. ಕಣಿವೆ ಅದಕ್ಕಿಂತ ಹೆಚ್ಚಿನ ಉದಾರತೆಯನ್ನು ತೋರಿಲ್ಲ.

ಉದ್ದವಿಲ್ಲದ ಕಡೆ ಇಳಿಜಾರನ್ನು ಬಳಸಿಕೊಳ್ಳುವ ಉಪಾಯವೂ ಉಂಟು. ೧೯೬೪ರಲ್ಲಿ ಎಡ್ಮಂಡ್ ಹಿಲರಿಯವರ ಮುಂದಾಳುತನದಲ್ಲಿ ನೇಪಾಳದ ಲುಕ್ಲಾದಲ್ಲಿ ಕಟ್ಟಿದ ನಿಲ್ದಾಣ ಇದಕ್ಕೆ ಪ್ರಸಿದ್ಧ ನಿದರ್ಶನ. ಅದರ ಓಡುದಾರಿ ೫೨೭ ಮೀಟರ್ ಮಾತ್ರ. ಆದರೆ ನೂರಕ್ಕೆ ಸುಮಾರು ಹನ್ನೆರಡರ ಏರು. ಇಳಿಯುವ ವಿಮಾನ ಬೆಟ್ಟದ ಕಡೆಗೆ ಏರುತ್ತ ವೇಗವನ್ನು ಕಳೆದುಕೊಳ್ಳುತ್ತದೆ. ಹೊರಡುವ ವಿಮಾನ ಕಣಿವೆಯ ಕಡೆಗೆ ಇಳಿಯುತ್ತ ವೇಗವನ್ನು ಗಳಿಸುತ್ತದೆ. ಇಪ್ಪತ್ತು ಮಂದಿ ಹಿಡಿಸುವ ಚಿಕ್ಕ ವಿಮಾನಗಳಿಗೆ ಇದು ಸಲ್ಲುತ್ತದೆ. ದೊಡ್ಡ ಜೆಟ್ಟುಗಳಿಗೆ ಸಲ್ಲದು.

೪. ಒಂದು ಎಂಜಿನ್ ನಿಂತರೆ

ಪ್ರಯಾಣಿಕ ವಿಮಾನಗಳ ಎಲ್ಲ ಲೆಕ್ಕಾಚಾರದ ತಿರುಳು ಒಂದೇ ಪ್ರಶ್ನೆ: ಅತ್ಯಂತ ಕೆಟ್ಟ ಕ್ಷಣದಲ್ಲಿ ಒಂದು ಎಂಜಿನ್ ನಿಂತುಹೋದರೆ ಏನು? ಓಟದ ನಡುವೆ ಒಂದು ನಿರ್ಧಾರದ ವೇಗವನ್ನು ಮೊದಲೇ ಗೊತ್ತುಮಾಡಿರುತ್ತಾರೆ. ಅದಕ್ಕಿಂತ ಮೊದಲು ಎಂಜಿನ್ ಕೆಟ್ಟರೆ ಉಳಿದ ದಾರಿಯಲ್ಲಿ ನಿಲ್ಲಬೇಕು. ಅನಂತರ ಕೆಟ್ಟರೆ ಒಂದೇ ಎಂಜಿನ್ನಿನಿಂದ ಏರಬೇಕು. ಹಾಗೆ ಏರುವಾಗ, ಚಕ್ರಗಳನ್ನು ಒಳಕ್ಕೆ ಸೆಳೆದುಕೊಂಡ ಮೇಲೆ, ಎರಡು ಎಂಜಿನ್‌ಗಳ ವಿಮಾನವು ಮುಂದೆ ಸಾಗುವ ಪ್ರತಿ ೧೦೦ ಅಡಿಗೆ ಕನಿಷ್ಠ ೨.೪ ಅಡಿಯಾದರೂ ಮೇಲೇರುವ ಸಾಮರ್ಥ್ಯ ಪಡೆದಿರಬೇಕೆಂಬುದು ಅಂತಾರಾಷ್ಟ್ರೀಯ ನಿಯಮ. ಎದುರಿಗೆ ಬೆಟ್ಟವಿದ್ದರೆ ಇಷ್ಟೂ ಸಾಲದು. ಆಗ ಯಾವ ಕಣಿವೆಗೆ, ಯಾವ ಬಿಂದುವಿನಲ್ಲಿ, ಎಷ್ಟು ಓರೆಯಾಗಿ ತಿರುಗಬೇಕೆಂಬ ಪಾರಾಗುವ ದಾರಿಯನ್ನು ನಿಲ್ದಾಣಕ್ಕೊಂದರಂತೆ ಮೊದಲೇ ಬರೆದಿಟ್ಟಿರುತ್ತಾರೆ.

ಈ ಎಲ್ಲ ನಿಯಮಗಳನ್ನು ತೆಳುಗಾಳಿಯಲ್ಲಿ ಪಾಲಿಸುವ ಉಪಾಯ ಒಂದೇ: ತೂಕವನ್ನು ಇಳಿಸುವುದು. ಮೊದಲು ಸರಕು ಇಳಿಯುತ್ತದೆ, ಆಮೇಲೆ ಇಂಧನ, ಕೊನೆಗೆ ಪ್ರಯಾಣಿಕರು. ಲೇಹ್‌ಗೆ ಬರುವಾಗ ತುಂಬಿದ್ದ ವಿಮಾನ ಹೊರಡುವಾಗ ಖಾಲಿ ಆಸನಗಳೊಡನೆ ಹೊರಡುವುದನ್ನು ಕಂಡು ಬೇಸರಪಡುವವರು ಇದನ್ನು ತಿಳಿಯತಕ್ಕದ್ದು. ಆ ಖಾಲಿ ಆಸನಗಳು ವ್ಯಾಪಾರದ ನಷ್ಟವೇನೋ ಹೌದು. ಆದರೆ ಒಂದು ಎಂಜಿನ್ ನಿಂತ ದಿನ ಉಳಿದವರನ್ನು ಬೆಟ್ಟದ ಮೇಲಿಂದ ದಾಟಿಸುವುದು ಆ ಖಾಲಿತನವೇ.

ಲೇಹ್‌ನಲ್ಲಿ ಇನ್ನೊಂದು ಕಟ್ಟುಪಾಡು ಇದೆ. ಓಡುದಾರಿಯ ಪೂರ್ವಕ್ಕೆ ನೆಲ ಏರುತ್ತ ಹೋಗಿ ಬೆಟ್ಟವನ್ನು ಸೇರುತ್ತದೆ. ಆದುದರಿಂದ ಜೆಟ್ ವಿಮಾನಗಳು ಪಶ್ಚಿಮದಿಂದ, ಸ್ಪಿತುಕ್ ಬೌದ್ಧವಿಹಾರದ ಗುಡ್ಡದ ಬಳಿಯಿಂದ ಬಂದು ಪೂರ್ವಾಭಿಮುಖವಾಗಿ ಇಳಿಯುತ್ತವೆ. ಅದೇ ದಾರಿಯಲ್ಲಿ ಹಿಂದಿರುಗಿ ಪಶ್ಚಿಮಾಭಿಮುಖವಾಗಿ ಏರುತ್ತವೆ. ಬೇರೆ ನಿಲ್ದಾಣಗಳಲ್ಲಿ ಗಾಳಿ ಯಾವ ಕಡೆಯಿಂದ ಬೀಸಿದರೆ ಆ ಕಡೆಗೆ ಮುಖಮಾಡಿ ಇಳಿಯುವ ಸ್ವಾತಂತ್ರ್ಯವುಂಟು, ಇಲ್ಲಿ ಅದಿಲ್ಲ. ಹೊತ್ತೇರಿದಂತೆ ಕಣಿವೆಯ ಗಾಳಿ ಎದ್ದು ವಿಮಾನದ ಬೆನ್ನಿಗೆ ಬೀಸತೊಡಗಿದರೆ ನೆಲದ ಮೇಲಿನ ವೇಗ ಮತ್ತಷ್ಟು ಹೆಚ್ಚುತ್ತದೆ. ಬಹುಪಾಲು ವಿಮಾನಗಳಿಗೆ ಇಂತಹ ಹಿಂಗಾಳಿಯ ಮಿತಿ ಹತ್ತರಿಂದ ಹದಿನೈದು ನಾಟ್. ತಂಪೂ ಶಾಂತವೂ ಆದ ಬೆಳಗಿನ ಹೊತ್ತಿನಲ್ಲಿಯೇ ಲೇಹ್‌ನ ಹೆಚ್ಚಿನ ವಿಮಾನಗಳು ಬಂದು ಹೋಗುವುದಕ್ಕೆ ಇದೇ ಕಾರಣ.

೫. ಕಣಿವೆಯೊಳಗಿನ ದಾರಿ

ಬಯಲಿನ ನಿಲ್ದಾಣಕ್ಕೆ ವಿಮಾನವು ಹತ್ತಾರು ಮೈಲಿಗಳ ದೂರದಿಂದ ನೇರವಾಗಿ ಇಳಿಜಾರಿನಲ್ಲಿ ಬರುತ್ತದೆ. ನೆಲದಿಂದ ಹೊರಡುವ ರೇಡಿಯೊ ಕಿರಣ ಅದನ್ನು ಮಂಜಿನಲ್ಲಿಯೂ ನಡೆಸಿಕೊಂಡು ಬರುತ್ತದೆ. ಬೆಟ್ಟಗಳ ನಡುವೆ ಅಂತಹ ನೇರದಾರಿ ಸಿಗುವುದು ದುರ್ಲಭ; ಕಿರಣವು ಬಂಡೆಗಳಿಗೆ ತಾಗಿ ವಕ್ರವಾಗುವುದೂ ಉಂಟು. ಭೂತಾನದ ಪಾರೋದಲ್ಲಿ ನಿಲ್ದಾಣ ೭,೩೦೦ ಅಡಿಗಳಲ್ಲಿದೆ. ಸುತ್ತಣ ಶಿಖರಗಳು ೧೮,೦೦೦ ಅಡಿಗಳವರೆಗೆ ಏರಿವೆ. ಅಲ್ಲಿ ವಿಶೇಷ ತರಬೇತಿ ಪಡೆದ ಚಾಲಕರು ಹಗಲು ಬೆಳಕಿನಲ್ಲಿ, ಕಣ್ಣಿಗೆ ಕಾಣುವ ಗುರುತುಗಳನ್ನು ಹಿಡಿದು, ಕಣಿವೆಯ ತಿರುವುಗಳಲ್ಲಿ ವಿಮಾನವನ್ನು ಓಲಿಸಿ ಇಳಿಸುವುದು ವಾಡಿಕೆ. ಇಂತಹ ದಾರಿಗಳಲ್ಲಿ ಒಂದು ಬಿಂದುವನ್ನು ದಾಟಿದ ಮೇಲೆ ಮತ್ತೆ ಮೇಲೇರಿ ಹಿಂದಿರುಗಲು ಎಡೆಯಿರುವುದಿಲ್ಲ. ಆದುದರಿಂದ ಇಳಿಯಬೇಕೆ, ಬೇಡವೆ ಎಂಬ ತೀರ್ಮಾನವನ್ನು ಆ ಬಿಂದುವಿಗೆ ಮೊದಲೇ ಮಾಡಬೇಕು.

ಈ ತೀರ್ಮಾನ ತಪ್ಪಿದರೆ ಆಗುವುದೇನೆಂಬುದನ್ನು ೧೯೯೨ರ ಕಾಠ್ಮಂಡು ತೋರಿಸಿತು. ಅಲ್ಲಿನ ನಿಲ್ದಾಣ ೪,೪೦೦ ಅಡಿಗಳಷ್ಟೇ ಎತ್ತರದಲ್ಲಿದ್ದರೂ ದಾರಿ ಬೆಟ್ಟಗಳ ಮೇಲಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಆ ವರ್ಷದ ಜುಲೈ ೩೧ರಂದು ಮತ್ತು ಸೆಪ್ಟೆಂಬರ್ ೨೮ರಂದು ಎರಡು ದೊಡ್ಡ ವಿಮಾನಗಳು ಬೆಟ್ಟಕ್ಕೆ ಬಡಿದು ಒಟ್ಟು ೨೮೦ ಮಂದಿ ಮಡಿದರು. ಎರಡನೆಯದು ಪ್ರತಿಯೊಂದು ಮೆಟ್ಟಿಲನ್ನೂ ಒಂದು ಹಂತ ಮುಂಚಿತವಾಗಿಯೇ ಇಳಿದಿತ್ತು. ಎರಡರಲ್ಲಿಯೂ ಯಂತ್ರ ಕುಸಿದು ಬಿದ್ದದ್ದಲ್ಲ; ತಾನು ಎಲ್ಲಿದ್ದೇನೆಂಬ ಅರಿವು ತಪ್ಪಿದ್ದು.

ಎತ್ತರಮಾಪಕವೂ ಚಳಿಯಲ್ಲಿ ಮೋಸಮಾಡಬಲ್ಲದು. ಅದು ಅಳೆಯುವುದು ವಾಯುಭಾರವನ್ನು. ಚಳಿಯಲ್ಲಿ ಗಾಳಿಯ ಪದರಗಳು ಕುಗ್ಗಿ ಒತ್ತೊತ್ತಾಗುತ್ತವೆ. ಪ್ರಮಾಣಕ್ಕಿಂತ ಪ್ರತಿ ೧೦ ಡಿಗ್ರಿ ಚಳಿಗೆ ಸುಮಾರು ಶೇಕಡ ೪ರಷ್ಟು ತಪ್ಪು ಸೇರುತ್ತದೆ. ೨೦ ಡಿಗ್ರಿ ಚಳಿ ಹೆಚ್ಚಿದ್ದರೆ, ನಿಲ್ದಾಣದಿಂದ ೫,೦೦೦ ಅಡಿ ಮೇಲಿದ್ದೇನೆಂದು ನಂಬಿದ ಚಾಲಕನು ನಿಜವಾಗಿ ೪೦೦ ಅಡಿ ಕೆಳಗಿರುತ್ತಾನೆ. ಅದಕ್ಕೆ ತಿದ್ದುಪಡಿಯ ಕೋಷ್ಟಕಗಳನ್ನು ಬಳಸುತ್ತಾರೆ.

ಕಳೆದ ಮೂರು ದಶಕಗಳಲ್ಲಿ ಈ ಕ್ಷೇತ್ರದಲ್ಲಿ ಆದ ದೊಡ್ಡ ಬದಲಾವಣೆ ಉಪಗ್ರಹಗಳಿಂದ ಬಂದಿತು. ಉಪಗ್ರಹಗಳ ಸಂಕೇತವನ್ನೂ ವಿಮಾನದೊಳಗಿನ ಚಲನಮಾಪಕಗಳನ್ನೂ ಜೋಡಿಸಿ, ಕಣಿವೆಯೊಳಗೆ ಬಾಗಿ ಬಳುಕುವ ಕಾಣದ ದಾರಿಯೊಂದನ್ನು ಗಣಕಯಂತ್ರದಲ್ಲಿ ಎಳೆದು, ವಿಮಾನವು ಅದರಿಂದ ಅತ್ತಿತ್ತ ಕೆಲವು ನೂರು ಮೀಟರ್‌ಗಳಿಗಿಂತ ಹೆಚ್ಚು ಸರಿಯದಂತೆ ನಡೆಸುವ ಪದ್ಧತಿ ಅದು. ೧೯೯೬ರಲ್ಲಿ ಅಲಾಸ್ಕದ ಜೂನೊದಲ್ಲಿ ಇದು ಮೊದಲಾಯಿತು. ೨೦೦೬ರಲ್ಲಿ ಟಿಬೆಟ್ಟಿನ ಲಿಂಝಿ ನಿಲ್ದಾಣ ಈ ಪದ್ಧತಿಯಿಂದಲೇ ಜೆಟ್ ವಿಮಾನಗಳಿಗೆ ತೆರೆಯಿತು. ಭೂಮಿಯ ಏರುತಗ್ಗುಗಳ ನಕ್ಷೆಯನ್ನೇ ಒಳಗಿಟ್ಟುಕೊಂಡು ಬೆಟ್ಟ ಎದುರಾಗುವ ಮೊದಲೇ ಕೂಗಿ ಎಚ್ಚರಿಸುವ ಯಂತ್ರವೂ ಇಂದು ಪ್ರಯಾಣಿಕ ಜೆಟ್‌ಗಳಲ್ಲಿದೆ. ಆದರೆ ಉಪಗ್ರಹವು ದಾರಿಯನ್ನು ತೋರಬಲ್ಲುದೇ ಹೊರತು ಗಾಳಿಯನ್ನು ದಪ್ಪಮಾಡಲಾರದು.

೬. ವಿಮಾನದ ಒಳಗಿನ ಗಾಳಿ

ಸಾಮಾನ್ಯ ಪ್ರಯಾಣದಲ್ಲಿ ವಿಮಾನದ ಒಳಗಿನ ಒತ್ತಡವನ್ನು ೮,೦೦೦ ಅಡಿಗಳ ಬೆಟ್ಟದ ಮೇಲಿನ ಗಾಳಿಗಿಂತ ತೆಳುವಾಗಲು ಬಿಡುವುದಿಲ್ಲ. ಕೆಳಗಿಳಿದಂತೆ ಒತ್ತಡ ಹೆಚ್ಚುತ್ತ ನೆಲದ ಒತ್ತಡಕ್ಕೆ ಸರಿಹೊಂದುತ್ತದೆ. ಲೇಹ್‌ಗೆ ಇಳಿಯುವಾಗ ಇದು ತಲೆಕೆಳಗಾಗುತ್ತದೆ. ವಿಮಾನ ಕೆಳಗಿಳಿಯುತ್ತಿರುವಾಗ ಅದರೊಳಗಿನ ಗಾಳಿ ಇನ್ನೂ ತೆಳುವಾಗುತ್ತ, ಪ್ರಯಾಣಿಕರು ಕುಳಿತಲ್ಲಿಯೇ ಮೇಲೇರುತ್ತಿರುತ್ತಾರೆ. ಒಳಗಿನ ಒತ್ತಡ ೧೦,೦೦೦ ಅಡಿಗಳ ಮಟ್ಟಕ್ಕೆ ಇಳಿದರೆ ಚಾಲಕರಿಗೆ ಎಚ್ಚರಿಕೆಯ ಸದ್ದಾಗುವಂತೆಯೂ, ಸುಮಾರು ೧೪,೦೦೦ ಅಡಿಗಳ ಮಟ್ಟದಲ್ಲಿ ಆಮ್ಲಜನಕದ ಮುಖವಾಡಗಳು ತಾವಾಗಿ ಕೆಳಗೆ ಬೀಳುವಂತೆಯೂ ಯಂತ್ರಗಳನ್ನು ಹೊಂದಿಸಿರುತ್ತಾರೆ. ಎಲ್ ಆಲ್ಟೊದ ನೆಲವೇ ೧೩,೩೨೫ ಅಡಿ. ಆದುದರಿಂದ ಇಂತಹ ಸೇವೆಗೆ ಹೋಗುವ ವಿಮಾನಗಳಲ್ಲಿ ಈ ಮಿತಿಗಳನ್ನು ಬದಲಿಸುವ ಬೇರೆಯ ಏರ್ಪಾಡು ಇರಬೇಕಾಗುತ್ತದೆ.

ದಾರಿಯಲ್ಲಿ ಒತ್ತಡ ತಪ್ಪಿದರೆ ಬಯಲಿನ ಮೇಲೆ ಹಾರುವ ವಿಮಾನ ಕೆಲವೇ ನಿಮಿಷಗಳಲ್ಲಿ ೧೦,೦೦೦ ಅಡಿಗೆ ಇಳಿದು ಉಸಿರಾಡಬಲ್ಲ ಗಾಳಿಯನ್ನು ಸೇರುತ್ತದೆ. ಪ್ರಯಾಣಿಕರ ಮುಖವಾಡಗಳಿಗೆ ರಾಸಾಯನಿಕ ಕ್ರಿಯೆಯಿಂದ ದೊರೆಯುವ ಆಮ್ಲಜನಕ ಹನ್ನೆರಡರಿಂದ ಇಪ್ಪತ್ತು ನಿಮಿಷಗಳವರೆಗೆ ಬರುವುದು ಈ ನಂಬಿಕೆಯ ಮೇಲೆಯೇ. ಟಿಬೆಟ್ಟಿನ ಮೇಲೆ ೧೦,೦೦೦ ಅಡಿ ಎಂಬುದು ನೆಲದ ಕೆಳಗಿನ ಮಾತು. ಅಲ್ಲಿ ಹೆಚ್ಚಿನ ಆಮ್ಲಜನಕವನ್ನು ಹೊತ್ತೊಯ್ಯಬೇಕು. ಎಲ್ಲಿ ಕೆಟ್ಟರೆ ಯಾವ ಕಡೆಗೆ ತಿರುಗಿ ತಗ್ಗನ್ನು ಸೇರಬೇಕೆಂಬುದನ್ನು ಮೊದಲೇ ಗೊತ್ತುಮಾಡಿರಬೇಕು.

ಇಳಿದ ಮೇಲೆ ಉಳಿಯುವುದು ಪ್ರಯಾಣಿಕನ ದೇಹದ ಲೆಕ್ಕ. ಹಿಂದೆ ವಾರಗಟ್ಟಲೆ ನಡೆದು ಲೇಹ್ ಸೇರುತ್ತಿದ್ದವರ ದೇಹ ದಾರಿಯಲ್ಲಿಯೇ ಎತ್ತರಕ್ಕೆ ಒಗ್ಗುತ್ತಿತ್ತು. ಇಂದು ದೆಹಲಿಯಲ್ಲಿ ಬೆಳಗಿನ ಕಾಫಿ ಕುಡಿದವನು ಊಟದ ಹೊತ್ತಿಗೆ ಮೂರನೆಯ ಒಂದು ಭಾಗ ಆಮ್ಲಜನಕವಿಲ್ಲದ ಗಾಳಿಯಲ್ಲಿ ನಿಂತಿರುತ್ತಾನೆ. ಮೊದಲ ಒಂದೆರಡು ದಿನ ವಿಶ್ರಮಿಸಬೇಕೆಂದು ವೈದ್ಯರು ಹೇಳುವುದು ಶಿಷ್ಟಾಚಾರಕ್ಕಲ್ಲ.

೭. ಉಪಸಂಹಾರ

೨೦೨೪ರ ಜುಲೈ ಕೊನೆಯಲ್ಲಿ ಲೇಹ್‌ನ ಉಷ್ಣತೆ ೩೦ ಡಿಗ್ರಿ ದಾಟಿದಾಗ ಹಲವು ವಿಮಾನಗಳನ್ನು ರದ್ದುಪಡಿಸಬೇಕಾಯಿತು. ಮೋಡವಿಲ್ಲ, ಮಂಜಿಲ್ಲ, ಆಕಾಶ ನಿರ್ಮಲ. ಆದರೂ ವಿಮಾನವಿಲ್ಲವೆಂದರೆ ಜನ ಆಶ್ಚರ್ಯಪಟ್ಟುದು ಸಹಜ. ಮೇಲೆ ಹೇಳಿದ ಲೆಕ್ಕವನ್ನು ಬಲ್ಲವರಿಗೆ ಅದರಲ್ಲಿ ಆಶ್ಚರ್ಯವಿಲ್ಲ, ಚಿಂತೆಯುಂಟು. ಚಳಿಗಾಲದಲ್ಲಿ ಹಿಮವು ಕಣಿವೆದಾರಿಗಳನ್ನು ಮುಚ್ಚಿದಾಗ ಲಡಾಖಿನ ರೋಗಿಗೆ, ಪರೀಕ್ಷೆಗೆ ಹೊರಟ ವಿದ್ಯಾರ್ಥಿಗೆ, ಸೈನಿಕನಿಗೆ ಹೊರಜಗತ್ತಿನೊಡನೆ ಇರುವ ನಂಟು ಬಹುಮಟ್ಟಿಗೆ ಈ ಓಡುದಾರಿಯೊಂದೇ. ಬೇಸಗೆಯ ಬಿಸಿಲೂ ಆ ಬಾಗಿಲನ್ನು ಮುಚ್ಚತೊಡಗಿದರೆ ಉಪಯೋಗಕ್ಕೆ ಉಳಿಯುವ ಗಂಟೆಗಳು ಕಡಿಮೆಯಾಗುತ್ತವೆ. ಬೆಳಗಿನ ಹೊತ್ತನ್ನು ಇನ್ನೂ ಬಿಗಿಯಾಗಿ ಬಳಸುವುದು, ತೂಕವನ್ನು ಇನ್ನೂ ಇಳಿಸುವುದು, ತೆಳುಗಾಳಿಗೆ ತಕ್ಕ ಎಂಜಿನ್‌ಗಳನ್ನು ಆರಿಸುವುದು, ಸರ್ವಋತು ರಸ್ತೆಗಳನ್ನು ಪೂರ್ಣಗೊಳಿಸುವುದು ಇವೇ ಉಳಿದಿರುವ ಉಪಾಯಗಳು.

೧೯೪೮ರಲ್ಲಿ ಮೆಹರ್ ಸಿಂಗ್ ಮತ್ತು ತಿಮ್ಮಯ್ಯನವರು ಲೆಕ್ಕವನ್ನು ಮೀರಿ ಹಾರಿದರು. ಊರೊಂದರ ಉಳಿವು ಅದನ್ನು ಬೇಡಿತ್ತು, ಅಪಾಯಕ್ಕೆ ಒಡ್ಡಿಕೊಂಡದ್ದು ಅವರು ತಮ್ಮನ್ನೇ. ಟಿಕೆಟ್ಟು ಕೊಂಡು ಕುಳಿತ ನೂರೈವತ್ತು ಮಂದಿಯ ಪರವಾಗಿ ಅಂತಹ ಸಾಹಸವನ್ನು ಮಾಡುವ ಅಧಿಕಾರ ಯಾವ ಚಾಲಕನಿಗೂ ಇಲ್ಲ. ಆದುದರಿಂದ ಬಿಸಿಲೇರಿದ ಮಧ್ಯಾಹ್ನ ಲೇಹ್‌ನಲ್ಲಿ ನಿಂತುಬಿಟ್ಟ ವಿಮಾನವನ್ನು ಅಶಕ್ತಿಯ ಗುರುತೆಂದು ಎಣಿಸಬಾರದು. ಅಂದಿನ ಲೆಕ್ಕದಲ್ಲಿ ಬಂದ ಉತ್ತರ ಅದು.